ಕಾರ್ಪಲ್ ಟನಲ್ ಆಪರೇಷನ್: ಇನ್ನೂ ಕಾಯಬಹುದಾ? ಆಮೇಲೆ ಕೈ ಎಷ್ಟು ಬೇಗ ಸರಿಹೋಗುತ್ತದೆ?

ಸೂಜಿದಾರ
ಎಲ್ಲರಿಗೂ ನಮಸ್ಕಾರ. ನನ್ನದು ಹೊಲಿಗೆ ಕೆಲಸ. ಬಲಗೈಗೆ ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾಯಿಲೆ, ಬಂದಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಶುರುವಿನಲ್ಲಿ ರಾತ್ರಿ ಮಾತ್ರ ಕಾಟ ಇತ್ತು. ಜೋಮು ಹಿಡಿದು ಎಚ್ಚರವಾಗುತ್ತಿತ್ತು, ಎದ್ದು ಕೂತು ಕೈ ಕೊಡವಿದರೆ ಹೋಗುತ್ತಿತ್ತು. ಈಗ ಹಾಗಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಹಗಲಿಡೀ ಮಂದವಾಗಿಯೇ ಇರುತ್ತದೆ. ಸೂಜಿ ಬೆರಳಲ್ಲಿದೆಯೋ ಬಿದ್ದಿದೆಯೋ ಕಣ್ಣಲ್ಲಿ ನೋಡಿಯೇ ತಿಳಿಯಬೇಕು.

ನರದ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ‘ತೀವ್ರ’ ಎಂದಿದೆ. ಆಪರೇಷನ್ ಮಾಡಿಸಿ ಅಂದರು. ಮನೆಯಲ್ಲಿ ಮಾತ್ರ ‘ನೋವೇ ಕಮ್ಮಿಯಾಗಿದೆಯಲ್ಲ, ಸುಮ್ನೆ ಯಾಕೆ ಕೊಯ್ಯಿಸಿಕೊಳ್ಳುತ್ತೀಯ’ ಎನ್ನುತ್ತಾರೆ. ನಿಜ, ನೋವು ಮೊದಲಿಗಿಂತ ಕಮ್ಮಿಯೇ. ಇನ್ನೂ ಕಾಯಬಹುದಾ? ಮಾಡಿಸಿದರೆ ಕತ್ತರಿ ಹಿಡಿಯಲು ಎಷ್ಟು ದಿನ ಬೇಕು? ಇನ್ನೊಂದು ವಿಚಿತ್ರ, ಕಿರುಬೆರಳಿಗೆ ಏನೂ ಆಗಿಲ್ಲ. ಬೇರೆ ಏನಾದರೂ ಕಾಯಿಲೆ ಇರಬಹುದಾ?

ಫಿಸಿಯೋ ಮೂಲೆ
ಕಿರುಬೆರಳು ಸರಿ ಇರುವುದು ವಿಚಿತ್ರ ಅಲ್ಲ, ಅದೇ ಈ ಕಾಯಿಲೆಯ ಗುರುತು. ಮಣಿಕಟ್ಟಿನ ಮುಂದೆ, ಅಂಗೈ ಬುಡದಲ್ಲಿ ಸುರಂಗದಂಥ ಒಂದು ಇಕ್ಕಟ್ಟಾದ ದಾರಿ ಇದೆ, ಕಾರ್ಪಲ್ ಟನಲ್ ಅಂದರೆ ಅದೇ. ಕೆಳಗೆ ಮತ್ತು ಅಕ್ಕಪಕ್ಕ ಮಣಿಕಟ್ಟಿನ ಸಣ್ಣ ಮೂಳೆಗಳು, ಮೇಲೆ ಗಟ್ಟಿಯಾದ ಒಂದು ಅಡ್ಡಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ, ಇಷ್ಟೂ ಅದರೊಳಗೇ ಹಾದುಹೋಗಬೇಕು. ಒಳಗೆ ಸ್ವಲ್ಪ ಊತ ಬಂದರೂ ಪೆಟ್ಟು ಬೀಳುವುದು ಮೆತ್ತಗಿರುವ ನರಕ್ಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಆ ನರದ ಪಾಲು. ಕಿರುಬೆರಳು ಅಲ್ನಾರ್ ನರದ ಪಾಲು. ಅದು ಈ ಸುರಂಗದೊಳಗೆ ಬರುವುದೇ ಇಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹತ್ತಿಯ ಎಳೆಯಿಂದ ಉಂಗುರ ಬೆರಳಿನ ಎರಡೂ ಬದಿ ಸವರಿ. ನಡುಬೆರಳಿನ ಕಡೆಯದು ಮಂದ, ಕಿರುಬೆರಳಿನ ಕಡೆಯದು ಚುರುಕು ಅಂತಾದರೆ ತೊಂದರೆ ಮಣಿಕಟ್ಟಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಕತ್ತಿನಲ್ಲಿ ನರ ಒತ್ತಿಕೊಂಡಾಗ ಒಂದೇ ಬೆರಳು ಹೀಗೆ ಎರಡು ಭಾಗವಾಗುವುದು ಅಪರೂಪ.

ಮುಂಗೈ ಸರ್ಜನ್
ನಾನು ಈ ಆಪರೇಷನ್ ಮಾಡುವವನು. ಇಲ್ಲಿ ಬರೆದದ್ದು ನಿಮ್ಮ ಡಾಕ್ಟರ್ ಕೈ ಮುಟ್ಟಿ ನೋಡಿ ಹೇಳಿದ್ದಕ್ಕೆ ಸಮ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸೂಜಿದಾರ ಅವರೇ, ನಿಮ್ಮ ಮನೆಯವರ ಮಾತೇ ನನಗೆ ಆತಂಕ ತಂದದ್ದು. ಈ ಕಾಯಿಲೆಯಲ್ಲಿ ನೋವನ್ನು ಅಳತೆಗೋಲು ಮಾಡಿಕೊಳ್ಳಬಾರದು. ನರ ಕಿರಿಕಿರಿಗೊಂಡಿರುವಾಗ ನೋವು, ಉರಿ, ಜುಮುಜುಮು ಎಲ್ಲ ಜೋರಾಗಿರುತ್ತವೆ. ನರ ಸೋಲುತ್ತಾ ಬಂದ ಹಾಗೆ ನೋವು ತಗ್ಗುತ್ತದೆ, ಮಂದತನ ಉಳಿಯುತ್ತದೆ. ಜೋಮು ಬಂದು ಹೋಗುತ್ತಿದ್ದರೆ ಸಮಯ ಇದೆ. ಬಂದದ್ದು ಹೋಗದೇ ಕೂತರೆ ಸಮಯ ಕಮ್ಮಿ.

ಎರಡೂ ಅಂಗೈ ಪಕ್ಕಪಕ್ಕ ಹಿಡಿದು ಹೆಬ್ಬೆರಳಿನ ಬುಡದ ದಿಬ್ಬ ನೋಡಿ. ಬಲಗೈಯದು ಚಪ್ಪಟೆಯಾಗಿದೆಯಾ? ಹೆಬ್ಬೆರಳನ್ನು ಅಂಗೈಯಿಂದ ಮೇಲಕ್ಕೆ ಎತ್ತಿದಾಗ ಸುಲಭವಾಗಿ ತಳ್ಳಿಬಿಡಲು ಆಗುತ್ತದಾ? ಹೌದು ಎಂದರೆ ಮುಂದೂಡಬೇಡಿ.

ಗರಗಸ
ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮರಗೆಲಸದವನು. ಡ್ರಿಲ್ಲು, ಉಜ್ಜುವ ಮೆಷಿನ್ನು, ದಿನವಿಡೀ ಅದುರುವ ಸಾಮಾನೇ ಕೈಯಲ್ಲಿ. ಎರಡೂ ಕೈಗೆ ಬಂತು. ಮೊದಲು ತೋರಿಸಿದ ಕಡೆ ಕತ್ತಿನ ಎಕ್ಸ್‌ರೇ ತೆಗೆದು, ಸವೆದಿದೆ ಅಂತ ಕತ್ತಿಗೆ ಪಟ್ಟಿ ಹಾಕಿಸಿದರು. ನನ್ನ ವಯಸ್ಸಿಗೆ ಯಾರ ಕತ್ತು ಸವೆದಿರುವುದಿಲ್ಲ ಹೇಳಿ! ಕೈ ಮುಟ್ಟಿ ನೋಡಲೇ ಇಲ್ಲ. ಅಷ್ಟರಲ್ಲಿ ಬಲ ಹೆಬ್ಬೆರಳಿನ ಬುಡ ಗುಳಿ ಬಿದ್ದಿತ್ತು.

ಆಮೇಲೆ ಬೇರೆಯವರ ಹತ್ತಿರ ಎರಡೂ ಕೈ ಆಪರೇಷನ್ ಆಯಿತು. ಎಡಗೈ ಪೂರ್ತಿ ಸರಿಹೋಗಿದೆ. ಬಲಗೈಯಲ್ಲಿ ನಿದ್ದೆ ಕೆಡಿಸುತ್ತಿದ್ದ ನೋವು ಹೋಯಿತು, ಬೆರಳ ತುದಿಗೆ ಸ್ಪರ್ಶ ಅರ್ಧಂಬರ್ಧ ಬಂದಿದೆ. ಗುಳಿ ಮಾತ್ರ ತುಂಬಲಿಲ್ಲ. ಸಣ್ಣ ಮೊಳೆ ಹೆಕ್ಕಲು ಎಡಗೈಯೇ ಬೇಕು.

ಹಸಿರೆಲೆ
ಎಲ್ಲರೂ ಕೊಯ್ಯುವ ಮಾತೇ ಆಡುತ್ತೀರಲ್ಲ. ನನ್ನ ತಂಗಿಗೆ ಇದೇ ಇತ್ತು. ಎಣ್ಣೆ ನೀವಿ, ಬಿ6 ವಿಟಮಿನ್ ಮಾತ್ರೆ ಜಾಸ್ತಿ ಡೋಸ್ ತೆಗೆದುಕೊಂಡು, ರಾತ್ರಿ ಕೈಗೆ ಪಟ್ಟಿ ಕಟ್ಟಿ ಮಲಗಿದಳು. ಆರಾಮಾಗಿದ್ದಾಳೆ. ಆಪರೇಷನ್ ಅಂದರೆ ಅವರಿಗೆ ದುಡ್ಡು, ಅಷ್ಟೇ.

ಫಿಸಿಯೋ ಮೂಲೆ
ನಿಮ್ಮ ತಂಗಿಗೆ ವಾಸಿಯಾಗಿದ್ದು ಸಂತೋಷ. ಆದರೆ ಆ ಮೂರರಲ್ಲಿ ಕೆಲಸ ಮಾಡಿದ್ದು ಬಹುಶಃ ಮೂರನೆಯದು. ಎಣ್ಣೆ ನೀವಿದರೆ ಹಿತವಾಗಬಹುದು, ಸುರಂಗ ಅಗಲವಾಗುವುದಿಲ್ಲ. ಬಿ6 ಇದಕ್ಕೆ ಮದ್ದು ಎನ್ನಲು ಆಧಾರ ಇಲ್ಲ. ದೊಡ್ಡ ಡೋಸಿನಲ್ಲಿ ಬಹಳ ಕಾಲ ನುಂಗಿದರೆ ಬಿ6 ತಾನೇ ನರಗಳನ್ನು ಹಾಳುಮಾಡುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಜೋಮಿಗೆ ಅಂತ ತೆಗೆದುಕೊಂಡ ಮಾತ್ರೆಯೇ ಜೋಮು ತಂದರೆ ಯಾವುದರಿಂದ ಬಂತು ಎಂದು ಹೇಗೆ ಗೊತ್ತಾಗಬೇಕು? ದಯವಿಟ್ಟು ಅದನ್ನು ಇಲ್ಲಿ ಯಾರಿಗೂ ಹೇಳಬೇಡಿ.

ರಾತ್ರಿಯ ಸ್ಪ್ಲಿಂಟ್, ಅಂದರೆ ಮಣಿಕಟ್ಟಿಗೆ ಕಟ್ಟುವ ಒಳಗೆ ತಗಡಿರುವ ಪಟ್ಟಿ, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಇದನ್ನು ತಪ್ಪಾಗಿಯೇ ಹಾಕಿಕೊಳ್ಳುತ್ತಾರೆ. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಚಿಕೊಂಡು ಮಲಗುತ್ತೇವೆ. ಮಡಚಿದರೂ ಹಿಂದಕ್ಕೆ ಬಾಗಿಸಿದರೂ ಸುರಂಗದೊಳಗೆ ಒತ್ತಡ ಏರುತ್ತದೆ. ನೇರವಾಗಿದ್ದಾಗಲೇ ಕಮ್ಮಿ. ಸ್ಪ್ಲಿಂಟಿನ ಕೆಲಸ ಅಷ್ಟೇ, ನೇರ ಇಡುವುದು. ಸಿದ್ಧವಾಗಿ ಸಿಗುವ ಹಲವು ಸ್ಪ್ಲಿಂಟ್‌ಗಳಲ್ಲಿ ಒಳಗಿನ ತಗಡು ಕೈಯನ್ನು ಹಿಂದಕ್ಕೆ ಬಾಗಿಸುವ ಹಾಗೆ ಇರುತ್ತದೆ. ಆ ತಗಡನ್ನು ಹೊರಗೆಳೆದು ನೇರ ಮಾಡಿ ಮತ್ತೆ ತೂರಿಸಿ. ಬಿಗಿಯಾಗಿ ಕಟ್ಟಬೇಡಿ, ಬೆರಳುಗಳು ಪೂರ್ತಿ ಮಡಚುವಂತಿರಬೇಕು. ಮೃದು ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಮಣಿಕಟ್ಟು ಮಡಚುತ್ತಲೇ ಇರುತ್ತದೆ, ಪ್ರಯೋಜನ ಇಲ್ಲ. ಕನಿಷ್ಠ 6 ವಾರ ಪ್ರತಿ ರಾತ್ರಿ ಹಾಕಿ ನೋಡಿ. ನಾಲ್ಕು ದಿನ ಹಾಕಿ ‘ಇದರಿಂದ ಏನೂ ಆಗಲಿಲ್ಲ’ ಎನ್ನುವವರನ್ನು ದಿನಾ ನೋಡುತ್ತೇನೆ.

ಇದು ಹಗುರ, ಮಧ್ಯಮ ಹಂತದವರಿಗೆ. ಸೂಜಿದಾರ ಅವರ ಕೈ ಆ ಹಂತ ದಾಟಿದೆ.

ಎಂಟನೇ ತಿಂಗಳು
ನಾನು ಬಸುರಿ. ಎರಡೂ ಕೈ ರಾತ್ರಿಯಿಡೀ ಉರಿಯುತ್ತವೆ. ಬೆಳಿಗ್ಗೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಮೇಲಿನದನ್ನೆಲ್ಲ ಓದಿ ಭಯ ಆಯಿತು. ನನಗೂ ಆಪರೇಷನ್ ಬೇಕಾಗುತ್ತದಾ?

ಮುಂಗೈ ಸರ್ಜನ್
ಭಯ ಬೇಡ ತಾಯಿ. ಕೊನೆಯ ಮೂರು ತಿಂಗಳಲ್ಲಿ ಮೈಯಲ್ಲಿ ನೀರು ತುಂಬಿಕೊಂಡು ಹೀಗಾಗುವುದು ತುಂಬ ಸಾಮಾನ್ಯ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಸ್ಪ್ಲಿಂಟ್ ಹಾಕಿ. ಮಗುವಿಗೆ ಹಾಲು ಕೊಡುವಾಗ ಮಣಿಕಟ್ಟು ಮಡಚಿ ತಲೆ ಹಿಡಿಯಬೇಡಿ, ಕೆಳಗೆ ದಿಂಬು ಇಟ್ಟುಕೊಳ್ಳಿ. ಮಂದತನ ಹಗಲೂ ಬಿಡದಿದ್ದರೆ, ವಸ್ತುಗಳು ಕೈಜಾರಲು ಶುರುವಾದರೆ ತೋರಿಸಿ. ಒಂದು ಮಾತು: ಮುಖ ಊದಿದ್ದು, ತಲೆನೋವು, ಕಣ್ಣು ಮಂಜು ಜೊತೆಗಿದ್ದರೆ ಅದು ಕೈಯ ವಿಷಯ ಅಲ್ಲ. ಅವತ್ತೇ ಹೋಗಿ ಬಿಪಿ ನೋಡಿಸಿ.

ಕೀಲಿಮಣೆ
ದಿನಕ್ಕೆ ಹತ್ತು ಗಂಟೆ ಟೈಪ್ ಮಾಡುತ್ತೇನೆ. ಇದಕ್ಕೆಲ್ಲ ಕಂಪ್ಯೂಟರೇ ಕಾರಣ ಅಲ್ವಾ?

ಮುಂಗೈ ಸರ್ಜನ್
ಜನ ಅಂದುಕೊಂಡಷ್ಟು ಅಲ್ಲ. ಬಲ ಹಾಕಿ ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು, ಅದುರುವ ಯಂತ್ರ ಹಿಡಿಯುವುದು, ಇವಕ್ಕೆ ಸಂಬಂಧ ಚೆನ್ನಾಗಿ ಕಂಡುಬಂದಿದೆ. ಕೀಬೋರ್ಡ್ ಬಗ್ಗೆ ಆಧಾರ ಅಷ್ಟು ಗಟ್ಟಿಯಿಲ್ಲ. ಆಗಲೇ ಇದ್ದರೆ ಟೈಪಿಂಗ್‌ನಿಂದ ಕೆರಳಬಹುದು. ನಾವು ಮೊದಲು ಹುಡುಕುವುದು ಸಕ್ಕರೆ ಕಾಯಿಲೆ, ಥೈರಾಯ್ಡ್ ಕಮ್ಮಿ ಇರುವುದು, ಸಂಧಿವಾತ, ಹೆಚ್ಚಿದ ತೂಕ, ಹಳೆಯ ಮಣಿಕಟ್ಟಿನ ಮೂಳೆಮುರಿತ. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ.

ಗರಗಸ ಅವರಂತೆ ವಯಸ್ಸಾದ ಗಂಡಸರಿಗೆ ಎರಡೂ ಕೈಗೆ ಬಂದಾಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಡೆದರೆ ಉಸಿರು ಕಟ್ಟುತ್ತದಾ, ಕಾಲು ಊದುತ್ತದಾ? ಅಮೈಲಾಯ್ಡ್ ಎಂಬ ಪ್ರೋಟೀನ್ ಮೈಯಲ್ಲಿ ಕೂಡಿಕೊಳ್ಳುವ ಕಾಯಿಲೆ ಒಂದಿದೆ. ಅದು ಹೃದಯದಲ್ಲಿ ತೋರಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮಣಿಕಟ್ಟಿನಲ್ಲಿ ಕಾಣಿಸಿಕೊಳ್ಳಬಹುದು. ಅಪರೂಪವೇ, ಆದರೆ ಕೇಳುವುದರಿಂದ ನಷ್ಟ ಇಲ್ಲ.

ಗರಗಸ
ಇಲ್ಲ ಡಾಕ್ಟ್ರೇ, ಉಸಿರು ಗಟ್ಟಿಯಾಗಿದೆ. ಆದರೂ ಒಮ್ಮೆ ತೋರಿಸುತ್ತೇನೆ.

ಸಿಹಿ ಬೇಡ
ನನಗೆ ಸಕ್ಕರೆ ಕಾಯಿಲೆ ಇದೆ. ಮಣಿಕಟ್ಟಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರು. ನಾಲ್ಕೈದು ತಿಂಗಳು ಸ್ವರ್ಗ. ಆಮೇಲೆ ಮತ್ತೆ ಬಂತು. ಆದರೆ ಚುಚ್ಚಿಸಿಕೊಂಡ ಮೊದಲ ಕೆಲವು ದಿನ ಸಕ್ಕರೆ ಯದ್ವಾತದ್ವಾ ಏರಿತ್ತು. ಯಾರೂ ಮುಂಚೆ ಹೇಳಿರಲಿಲ್ಲ. ನನ್ನಂಥವರು ಆ ವಾರ ಮನೆಯಲ್ಲೇ ಚೆಕ್ ಮಾಡಿಕೊಳ್ಳುತ್ತಿರಿ, ಮಾತ್ರೆ ಅಥವಾ ಇನ್ಸುಲಿನ್ ಹೇಗೆ ಹೊಂದಿಸಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಫಿಸಿಯೋ ಮೂಲೆ
ಒಳ್ಳೆಯ ಮಾತು. ಚುಚ್ಚುಮದ್ದಿನಿಂದ ಇನ್ನೊಂದು ಲಾಭ ಇದೆ. ಅದರಿಂದ ಸ್ವಲ್ಪ ಕಾಲವಾದರೂ ಚೆನ್ನಾಗಿ ಇಳಿದರೆ, ತೊಂದರೆ ಇರುವುದು ಮಣಿಕಟ್ಟಿನಲ್ಲೇ ಎಂದು ಗಟ್ಟಿಯಾಗುತ್ತದೆ. ಅಂಥವರಿಗೆ ಆಪರೇಷನ್‌ನಿಂದಲೂ ಫಲ ಸಿಗುವ ಸಾಧ್ಯತೆ ಜಾಸ್ತಿ.

ಸೂಜಿದಾರ
ಎಲ್ಲರಿಗೂ ಥ್ಯಾಂಕ್ಸ್. ಹೆಬ್ಬೆರಳಿನ ದಿಬ್ಬ ನೋಡಿದೆ. ಸ್ವಲ್ಪ ಇಳಿದಿದೆ, ಸುಳ್ಳು ಹೇಳುವುದಿಲ್ಲ. ಮನೆಯವರಿಗೂ ಎರಡೂ ಕೈ ತೋರಿಸಿದೆ. ಒಪ್ಪಿದರು. ದಿನ ಗೊತ್ತಾಗಿದೆ. ಆದರೆ ಪ್ರಜ್ಞೆ ತಪ್ಪಿಸುವುದೆಂದರೆ ನನಗೆ ಹೆದರಿಕೆ. ಇನ್ನೊಂದು, ಆಪರೇಷನ್‌ನಲ್ಲಿ ಸುರಂಗದ ಮೇಲಿನ ಆ ಅಡ್ಡಪಟ್ಟಿಯನ್ನೇ ಕತ್ತರಿಸುತ್ತಾರಂತೆ. ಕತ್ತರಿಸಿಬಿಟ್ಟರೆ ಕೈಗೆ ಬಿಗಿ ಇಲ್ಲದಂತಾಗುವುದಿಲ್ಲವೇ? ದೇವರು ಸುಮ್ನೆ ಇಟ್ಟಿರುತ್ತಾನಾ?

ಮುಂಗೈ ಸರ್ಜನ್
ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಬಹುತೇಕ ಅಂಗೈಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಮಾಡುತ್ತೇವೆ. ಆ ಮದ್ದಿಗೆ ಅಡ್ರಿನಲಿನ್ ಸೇರಿಸಿದರೆ ರಕ್ತ ಕಮ್ಮಿ ಒಸರುತ್ತದೆ, ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟುವ ಹಿಂಸೆಯೂ ತಪ್ಪುತ್ತದೆ. ಚುಚ್ಚುವಾಗ ಉರಿಯುತ್ತದೆ, ಆಮೇಲೆ ಎಳೆದಂತೆ ಅನ್ನಿಸುತ್ತದೆ ಅಷ್ಟೇ. 15, 20 ನಿಮಿಷದ ಕೆಲಸ. ಅವತ್ತೇ ಮನೆಗೆ.

ಅಡ್ಡಪಟ್ಟಿ ಕತ್ತರಿಸಿದಾಗ ಅದರ ಎರಡು ತುದಿ ಸ್ವಲ್ಪ ದೂರ ಸರಿಯುತ್ತವೆ. ನಡುವಿನ ಜಾಗ ಗಾಯದ ಅಂಗಾಂಶದಿಂದ ತುಂಬಿಕೊಂಡು ಪಟ್ಟಿ ಮತ್ತೆ ಕೂಡಿಕೊಳ್ಳುತ್ತದೆ, ಮೊದಲಿಗಿಂತ ಉದ್ದವಾಗಿ. ಸುರಂಗ ಅಗಲವಾಗಿ ಉಳಿಯುತ್ತದೆ. ಹಿಡಿತ ಮೊದಲು ಕಮ್ಮಿಯಾಗುತ್ತದೆ, ನಿಜ. ಸುಮಾರು 3 ತಿಂಗಳಲ್ಲಿ ಹೆಚ್ಚಿನವರಿಗೆ ಹಳೆಯ ಬಲ ಬರುತ್ತದೆ, ಕೆಲವರಿಗೆ ಇನ್ನೂ ತಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಕೀಲಿಮಣೆ
ಕ್ಯಾಮೆರಾ ತೂರಿಸಿ ಮಾಡುವುದು ಇನ್ನೂ ಒಳ್ಳೆಯದಂತೆ ಅಲ್ವಾ?

ಮುಂಗೈ ಸರ್ಜನ್
ಗಾಯ ಚಿಕ್ಕದು, ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು. ವರ್ಷದ ಕೊನೆಗೆ ನೋಡಿದರೆ ಎರಡಕ್ಕೂ ಫಲ ಹೆಚ್ಚುಕಮ್ಮಿ ಒಂದೇ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸರ್ಜನ್‌ಗೆ ಯಾವುದು ಚೆನ್ನಾಗಿ ಕೈಹಿಡಿದಿದೆಯೋ ಅದನ್ನೇ ಮಾಡಿಸಿಕೊಳ್ಳಿ.

ಸೂಜಿದಾರ
ಆಪರೇಷನ್ ಆಯಿತು! ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಂದಿಕೊಳ್ಳಿ. ಅವತ್ತು ರಾತ್ರಿಯೇ ಒಂದು ಆಶ್ಚರ್ಯ. ಗಾಯ ನೋಯುತ್ತಿತ್ತು, ಆದರೆ ಜೋಮಿನಿಂದ ಎಚ್ಚರ ಆಗಲಿಲ್ಲ. ಬೆರಳ ತುದಿ ಮಾತ್ರ ಹಾಗೇ ಮಂದವಾಗಿದೆ. ಮುಂದೆ ಏನೇನು ಮಾಡಬೇಕು?

ಫಿಸಿಯೋ ಮೂಲೆ
ಶುಭಾಶಯ. ಮೊದಲ ಕೆಲವು ದಿನ ಕೈಯನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳಿ. ಮಲಗಿದಾಗ ದಿಂಬಿನ ಮೇಲೆ. ಕತ್ತಿಗೆ ಕಟ್ಟಿದ ಜೋಳಿಗೆಯಲ್ಲಿ ಇಳಿಬಿಟ್ಟುಕೊಂಡು ಓಡಾಡಿದರೆ ಬೆರಳು ಊದಿ ಬಿಗಿಯುತ್ತವೆ. ಬೆರಳು ಆಡಿಸುವುದು ಇವತ್ತಿನಿಂದಲೇ. ಪೂರ್ತಿ ಚಾಚಿ, ಆಮೇಲೆ ಕೊಕ್ಕೆಯಂತೆ ಮಡಚಿ, ಆಮೇಲೆ ಮುಷ್ಟಿ. ಗಂಟೆಗೊಮ್ಮೆ ನಿಧಾನವಾಗಿ. ಭುಜ, ಮೊಣಕೈ ಮರೆಯಬೇಡಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಗಾಯ ಒದ್ದೆ ಮಾಡಬೇಡಿ. ಹಲ್ಲುಜ್ಜುವುದು, ಪುಟ ತಿರುವುವುದು, ಬಟನ್ ಒತ್ತುವುದು ಮಾಡಬಹುದು. ಹಿಂಡುವುದು, ಎತ್ತುವುದು, ಅಂಗೈ ಊರಿ ಮೇಲೇಳುವುದು ಬೇಡ.

ನೋವು ದಿನೇ ದಿನೇ ಏರಿದರೆ, ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಅಥವಾ ಕೈಯಿಡೀ ಊದಿ ಮಿರಿಮಿರಿ ಮಿಂಚಿ ಮುಟ್ಟಿದರೂ ಉರಿಯುವಂತಾದರೆ ತಡಮಾಡದೆ ಹೋಗಿ ತೋರಿಸಿ.

ಸಿಹಿ ಬೇಡ
ನನಗೆ ಗೊತ್ತಿರುವವರಿಗೆ ಆಪರೇಷನ್ ಆದ ಮೇಲೆ ಮಣಿಕಟ್ಟಿಗೆ ಹಲಗೆ ಕಟ್ಟಿ ಎಷ್ಟೋ ವಾರ ಬಿಡಿಸಲೇ ಇಲ್ಲವಂತೆ. ಇದು ಬೇಕಾ?

ಮುಂಗೈ ಸರ್ಜನ್
ದಿನವಿಡೀ ಕಟ್ಟಿಡುವುದರಿಂದ ಲಾಭ ಕಂಡುಬಂದಿಲ್ಲ. ಬಿಗಿತ ಬರುವುದೇ ಜಾಸ್ತಿ. ಮೊದಲ ಕೆಲವು ದಿನ ದಪ್ಪ ಡ್ರೆಸ್ಸಿಂಗ್ ಸಾಕು. ಕೆಲವು ಸರ್ಜನ್‌ಗಳು ಇನ್ನೂ ಹಾಕುತ್ತಾರೆ, ಅದು ಅವರ ರೂಢಿ.

ಸೂಜಿದಾರ
ಮತ್ತೆ ಬಂದೆ. ಹೊಲಿಗೆ ಬಿಚ್ಚಿ ಸುಮಾರು ದಿನ ಆಯಿತು. ಗಾಯ ಒಣಗಿದೆ, ರಾತ್ರಿ ನಿದ್ದೆ ಚೆನ್ನಾಗಿದೆ. ಆದರೆ ಗಾಯದ ಎರಡೂ ಬದಿ, ಅಂಗೈ ಬುಡದಲ್ಲಿ, ಒತ್ತಿದರೆ ಜೀವ ಹೋಗುವಷ್ಟು ನೋವು. ಮೇಜಿನ ಮೇಲೆ ಕೈ ಊರಲು ಆಗುವುದಿಲ್ಲ. ಕತ್ತರಿಯ ಹಿಡಿ ಸರಿಯಾಗಿ ಅಲ್ಲೇ ಕೂರುತ್ತದೆ. ಮೊದಲು ಇರದಿದ್ದ ನೋವು ಈಗ ಬಂದಿದೆ. ‘ನೋಡಿದೆಯಾ, ಕೊಯ್ಯಿಸಬೇಡ ಅಂದಿದ್ದೆ’ ಎಂದು ಮನೆಯಲ್ಲಿ ಶುರುವಾಗಿದೆ.

ಹಸಿರೆಲೆ
ಹೇಳಿದ್ದೆನಲ್ಲ.

ಗರಗಸ
ಸ್ವಾಮಿ ಹಸಿರೆಲೆ, ತಾಳಿ ಸ್ವಲ್ಪ. ಸೂಜಿದಾರ ಅವರೇ, ನನಗೂ ಇದೇ ಆಗಿತ್ತು, ಎರಡೂ ಕೈಗೆ. ರಂದ ತಳ್ಳಲು ಹೋದರೆ ಕಣ್ಣಲ್ಲಿ ನೀರು. ಆಪರೇಷನ್ ಕೆಟ್ಟಿತು ಅಂದುಕೊಂಡಿದ್ದೆ. ತಿಂಗಳು ಕಳೆದ ಹಾಗೆ ತಾನೇ ಕರಗಿತು. ಅಲ್ಲಿಯವರೆಗೆ ಹಿಡಿಗಳಿಗೆಲ್ಲ ದಪ್ಪ ಸ್ಪಂಜ್ ಸುತ್ತಿಕೊಂಡಿದ್ದೆ.

ಫಿಸಿಯೋ ಮೂಲೆ
ಇದಕ್ಕೆ ಪಿಲ್ಲರ್ ಪೇನ್ ಎನ್ನುತ್ತಾರೆ. ಅಡ್ಡಪಟ್ಟಿ ಅಂಟಿಕೊಂಡಿದ್ದ ಎರಡು ಬದಿಯಲ್ಲಿ ಬರುವ ನೋವು. ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಇಳಿಯುತ್ತದೆ. ಇದು ನರದ ನೋವಲ್ಲ. ನರ ಹೇಗಿದೆ ಎಂದು ತಿಳಿಯಲು ನಿದ್ದೆ ಮತ್ತು ಬೆರಳ ತುದಿ ನೋಡಿ. ನಿಮಗೆ ನಿದ್ದೆ ಬರುತ್ತಿದೆ. ಅಂದರೆ ಒತ್ತಡ ಬಿಟ್ಟಿದೆ.

ಗಾಯ ಪೂರ್ತಿ ಮುಚ್ಚಿದ್ದರೆ ದಿನಕ್ಕೆ ಎರಡು ಮೂರು ಸಲ ಸಾದಾ ಕ್ರೀಮ್ ಹಚ್ಚಿ ಗಾಯದ ಗುರುತನ್ನು ಬೆರಳಿಂದ ಒತ್ತಿ ವೃತ್ತಾಕಾರದಲ್ಲಿ ನೀವಿ. ಹಸಿರೆಲೆ ಅವರ ಎಣ್ಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಮುಟ್ಟಿದರೆ ಚುಚ್ಚುವಂತಿದ್ದರೆ ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಟವೆಲ್, ಹೀಗೆ ಉಜ್ಜಿ ಅಭ್ಯಾಸ ಮಾಡಿಸಿ. ಸ್ಪಂಜಿನ ಚೆಂಡು ಜೋರಾಗಿ ಹಿಸುಕುವುದು ಈಗಲೇ ಬೇಡ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ, ಪಿಲ್ಲರ್ ಪೇನ್ ಕೆರಳುತ್ತದೆ.

ಸೂಜಿದಾರ
ಸಮಾಧಾನ ಆಯಿತು. ಹಾಗಾದರೆ ಬೆರಳ ತುದಿ ಯಾವಾಗ ಸರಿಯಾಗುತ್ತದೆ? ತೋರುಬೆರಳಲ್ಲಿ ಈಗ ಜುಮುಜುಮು ಅನ್ನಿಸುತ್ತದೆ, ಕೆಲವೊಮ್ಮೆ ಶಾಕ್ ಹೊಡೆದಂತೆ.

ಮುಂಗೈ ಸರ್ಜನ್
ಮಂದವಾಗಿದ್ದ ಬೆರಳಲ್ಲಿ ಹೊಸದಾಗಿ ಜುಮುಜುಮು ಬಂದರೆ ಅನೇಕ ಸಲ ಅದು ನರ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಒತ್ತಿ ಮಲಗಿದ್ದ ನರ ಕೆಲವು ವಾರದಲ್ಲಿ ಎದ್ದು ನಿಲ್ಲುತ್ತದೆ. ಒಳಗಿನ ಎಳೆಗಳೇ ಹಾಳಾಗಿದ್ದರೆ ಅವು ಮತ್ತೆ ಬೆಳೆದು ಬರಬೇಕು. ದಿನಕ್ಕೆ ಸುಮಾರು 1 ಮಿಲಿಮೀಟರ್ ವೇಗ. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ದೂರ ಇದೆ ಎಂದು ನೀವೇ ಟೇಪ್ ಹಿಡಿದು ನೋಡಿ, ತಿಂಗಳುಗಟ್ಟಲೆ ಯಾಕೆ ಬೇಕು ಎಂದು ಗೊತ್ತಾಗುತ್ತದೆ. ತೀವ್ರ ಹಂತದಲ್ಲಿದ್ದವರಲ್ಲಿ ಒಂದು ವರ್ಷದವರೆಗೂ ಸುಧಾರಣೆ ಕಾಣುತ್ತಿರುತ್ತದೆ. ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ. ದಿಬ್ಬ ಸ್ವಲ್ಪವೇ ಇಳಿದಿದ್ದರಿಂದ ಆಸೆ ಇಟ್ಟುಕೊಳ್ಳಬಹುದು. ಸ್ಪರ್ಶ ಸರಿಯಾಗಿ ಬರುವವರೆಗೆ ಬಿಸಿ ಇಸ್ತ್ರಿಪೆಟ್ಟಿಗೆ, ಸೂಜಿ, ಬ್ಲೇಡಿನ ಹತ್ತಿರ ಕಣ್ಣು ಬಿಟ್ಟೇ ಕೆಲಸ ಮಾಡಿ. ಸುಟ್ಟಿದ್ದು ಗೊತ್ತಾಗುವುದಿಲ್ಲ.

ಕೆಲಸದ ಬಗ್ಗೆ ಕೇಳಿದ್ದಿರಿ. ಕೂತು ಮಾಡುವ ಹಗುರ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಬಲ ಹಾಕುವ ಕೆಲಸಕ್ಕೆ 6ರಿಂದ 12 ವಾರ. ದಪ್ಪ ಬಟ್ಟೆಗೆ ಕತ್ತರಿ ಹಾಕುವುದನ್ನು ಎರಡನೇ ಲೆಕ್ಕಕ್ಕೆ ಸೇರಿಸಿ.

ಎಂಟನೇ ತಿಂಗಳು
ಹೆಸರು ಬದಲಾಯಿಸಬೇಕು, ಮಗು ಬಂದಾಯಿತು! ಎಡಗೈ ಸರಿಹೋಗಿದೆ. ಬಲಗೈ ರಾತ್ರಿ ಇನ್ನೂ ಸ್ವಲ್ಪ ಜೋಮು. ಸ್ಪ್ಲಿಂಟ್ ಬಿಟ್ಟಿಲ್ಲ.

ಸೂಜಿದಾರ
ಅಭಿನಂದನೆ! ಡಾಕ್ಟ್ರೇ, ಒಂದು ಕೊನೆಯ ಪ್ರಶ್ನೆ. ನಿನ್ನೆಯಿಂದ ನಡುಬೆರಳು ಬೆಳಿಗ್ಗೆ ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಿಡಿಸಿದರೆ ‘ಟಕ್’ ಅನ್ನುತ್ತದೆ. ಜೊತೆಗೆ ಎಡಗೈಯೂ ರಾತ್ರಿ ಜೋಮು ಹಿಡಿಯುತ್ತಿದೆ.

ಮುಂಗೈ ಸರ್ಜನ್
ಬೆರಳು ಸಿಕ್ಕಿಕೊಳ್ಳುವುದು ಟ್ರಿಗರ್ ಫಿಂಗರ್. ಈ ಆಪರೇಷನ್ ಆದ ಮೇಲೆ ಕೆಲವರಲ್ಲಿ ಬರುತ್ತದೆ. ಬೆರಳಿನ ಬುಡದಲ್ಲಿ ಸ್ನಾಯುರಜ್ಜು ಉಜ್ಜಿಕೊಳ್ಳುವುದರಿಂದ ಆಗುವುದು, ನರಕ್ಕೂ ಇದಕ್ಕೂ ಸಂಬಂಧ ಇಲ್ಲ. ಮುಂದಿನ ಭೇಟಿಯಲ್ಲಿ ತೋರಿಸಿ, ಹಲವರಿಗೆ ಒಂದು ಚುಚ್ಚುಮದ್ದಿನಲ್ಲಿ ಹೋಗುತ್ತದೆ. ಎಡಗೈಯ ಜೋಮು ಹಗಲು ಪೂರ್ತಿ ಹೋಗುತ್ತದೆ ತಾನೇ? ಹಾಗಿದ್ದರೆ ಇವತ್ತು ರಾತ್ರಿಯಿಂದಲೇ ಎಡಗೈಗೆ ಸ್ಪ್ಲಿಂಟ್ ಹಾಕಿ. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿಲ್ಲದಿದ್ದರೆ ಅದನ್ನೂ ಮಾಡಿಸಿಬಿಡಿ.

ಸೂಜಿದಾರ
ಹಗಲು ಪೂರ್ತಿ ಹೋಗುತ್ತದೆ. ಥೈರಾಯ್ಡ್ ಮಾಡಿಸಿಲ್ಲ, ನಾಳೆಯೇ ರಕ್ತ ಕೊಟ್ಟು ಬರುತ್ತೇನೆ.